ಮೊದಲ ಬಾರಿ ಶ್ರೀಲಂಕಾಕ್ಕೆ: ನಮ್ಮೂರಿನಂತೆ ಕಾಣುವ ದ್ವೀಪದಲ್ಲಿ ಎಡವದೆ ತಿರುಗಾಡುವ ಬಗೆ

ಬೆಂಗಳೂರಿನಿಂದ ಹೊರಟ ವಿಮಾನ ಸುಮಾರು ಒಂದೂವರೆ ಗಂಟೆಯಲ್ಲಿ ಕೊಲಂಬೊ ಬಳಿಯ ಕಟುನಾಯಕ ನಿಲ್ದಾಣದಲ್ಲಿ ಇಳಿಯುತ್ತದೆ. ಗಡಿಯಾರದ ಮುಳ್ಳು ತಿರುಗಿಸಬೇಕಿಲ್ಲ, ಏಕೆಂದರೆ ಅಲ್ಲಿಯೂ ಭಾರತದ್ದೇ ಸಮಯ. ಹೊರಗೆ ಬಂದರೆ ತೆಂಗು, ಬಾಳೆ, ಹಲಸು, ಎಡಬದಿಯಲ್ಲಿ ಓಡುವ ವಾಹನ, ಆಟೋ. ಅಂಗಡಿಯ ಫಲಕದ ಮೇಲಿನ ಸಿಂಹಳ ಅಕ್ಷರಗಳು ಎಷ್ಟು ಗುಂಡಗಿವೆಯೆಂದರೆ ಕನ್ನಡ ಓದುವ ಕಣ್ಣು ಒಂದು ಕ್ಷಣ ಅವನ್ನು ಓದಲು ಹೊರಟು ಸೋಲುತ್ತದೆ. ಮೊದಲ ಬಾರಿ ಹೋಗುವವರು ಈ ದ್ವೀಪದಲ್ಲಿ ಎಡವುವುದು ಬಹುಪಾಲು ಈ ಪರಿಚಿತತೆಯಿಂದಲೇ. ಥಾಯ್ಲೆಂಡಿಗೋ ಜಪಾನಿಗೋ ಹೊರಟಾಗ ಮಾಡಿಕೊಳ್ಳುವ ಸಿದ್ಧತೆಯನ್ನು ಶ್ರೀಲಂಕಾಕ್ಕೆ ನಾವು ಮಾಡಿಕೊಳ್ಳುವುದಿಲ್ಲ. ಮಂಗಳೂರಿಗೆ ಹೋಗಿಬಂದಂತೆ ಹೋಗಿಬರಬಹುದೆಂದುಕೊಳ್ಳುತ್ತೇವೆ. ಆದ್ದರಿಂದ ಕೆಳಗಿನ ಹಂತಗಳಲ್ಲಿ, ನಮ್ಮೂರಿನಂತೆ ಕಂಡರೂ ನಮ್ಮೂರಿನಂತಿಲ್ಲದ ಸಂಗತಿಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ತಿಂಗಳು ನೋಡಿ ಕರಾವಳಿ ಆರಿಸಿಕೊಳ್ಳಿ

ಶ್ರೀಲಂಕಾಕ್ಕೆ ಎರಡು ಮಳೆಗಾಲಗಳು. ನೈರುತ್ಯ ಮಾರುತ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ದಕ್ಷಿಣ ಕರಾವಳಿಗೂ ಗುಡ್ಡಗಾಡಿನ ಪಡುವಣ ಮಗ್ಗುಲಿಗೂ ಮಳೆ ತರುತ್ತದೆ. ಆಗ ಪೂರ್ವದ ತ್ರಿಂಕೋಮಲಿ ಮತ್ತು ಅರುಗಂ ಬೇ ಕಡೆ ಬಿಸಿಲಿದ್ದು, ತ್ರಿಂಕೋಮಲಿಯಲ್ಲಿ ಸಮುದ್ರ ಶಾಂತವಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ ಬೀಸುವಾಗ ಇದು ತಿರುಗುಮುರುಗಾಗುತ್ತದೆ: ಪೂರ್ವ ಮತ್ತು ಉತ್ತರಕ್ಕೆ ಮಳೆ, ದಕ್ಷಿಣ ಕರಾವಳಿಯ ಗಾಲೆ ಮತ್ತು ಮಿರಿಸ್ಸದ ಕಡೆ ಒಳ್ಳೆಯ ಹವೆ. ಶಾಲೆಯ ಬೇಸಿಗೆ ರಜೆಯನ್ನೇ ನಂಬಿ ಮೇ ಕೊನೆಯಲ್ಲಿ ಮಿರಿಸ್ಸದಲ್ಲಿ ಕೋಣೆ ಕಾದಿರಿಸಿದರೆ, ಮಳೆಗಾಲದ ಮುರುಡೇಶ್ವರವನ್ನು ನೋಡಲು ವಿಮಾನ ಹತ್ತಿದಂತಾಗುತ್ತದೆ. ಮೊದಲ ಬಾರಿಯ ಪ್ರವಾಸಕ್ಕೆ ಜನವರಿಯ ನಡುವಿನಿಂದ ಮಾರ್ಚ್‌ವರೆಗಿನ ಕಾಲ ಎಲ್ಲಕ್ಕಿಂತ ಅನುಕೂಲ. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ದ್ವೀಪದ ಯಾವ ಮೂಲೆಯಲ್ಲಾದರೂ ಮಳೆ ಸುರಿಯಬಹುದು.

ದಿನಾಂಕ ಗೊತ್ತುಮಾಡುವಾಗ ಗೋಡೆಯ ಮೇಲಿನ ಪಂಚಾಂಗವನ್ನೂ ಒಮ್ಮೆ ನೋಡಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ಸಾರ್ವಜನಿಕ ರಜಾದಿನ. ಅಂದು ಮದ್ಯ ಮಾರುವಂತಿಲ್ಲ, ಮಾಂಸದ ಅಂಗಡಿಗಳೂ ಮುಚ್ಚಿರುತ್ತವೆ, ಬಿಳಿ ಬಟ್ಟೆ ತೊಟ್ಟ ಜನರಿಂದ ಬೌದ್ಧ ವಿಹಾರಗಳು ತುಂಬಿರುತ್ತವೆ. ವಿಹಾರದ ಜೀವಂತಿಕೆ ನೋಡಬೇಕೆನ್ನುವವರಿಗೆ ಅದು ಪುಣ್ಯದಿನ. ಆತುರದಲ್ಲಿ ನೋಡಿ ಮುಗಿಸಬೇಕೆನ್ನುವವರಿಗೆ ಕಷ್ಟದ ದಿನ. ಏಪ್ರಿಲ್ 13 ಮತ್ತು 14ರಂದು, ಅಂದರೆ ನಮ್ಮ ಕರಾವಳಿಯಲ್ಲಿ ಬಿಸು ಹಬ್ಬ ನಡೆಯುವ ಹೊತ್ತಿಗೆ, ಸಿಂಹಳ ಮತ್ತು ತಮಿಳು ಹೊಸ ವರ್ಷ. ಆ ದಿನಗಳಲ್ಲಿ ಎಲ್ಲರೂ ಊರಿಗೆ ಹೋಗಿರುತ್ತಾರೆ, ಬಸ್ಸು ವಿರಳ, ಹೋಟೆಲು ಮುಚ್ಚಿರುತ್ತದೆ. ಸಣ್ಣ ಊರುಗಳಲ್ಲಿ ಊಟ ಸಿಗುವುದೇ ಅನುಮಾನ.

ಹಂತ 2: ಕಾಗದಪತ್ರ

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮರಳುವ ಟಿಕೆಟ್ ಮತ್ತು ತಂಗುವ ಜಾಗದ ವಿವರ ಕೈಯಲ್ಲಿರಬೇಕು. ಪ್ರಯಾಣಕ್ಕೆ ಮುನ್ನ ಆನ್‌ಲೈನಿನಲ್ಲಿ ‘ಇಟಿಎ’ ಎಂಬ ಅನುಮತಿ ಪಡೆಯಬೇಕಾಗುತ್ತದೆ. ಇದರ ಶುಲ್ಕದ ನಿಯಮಗಳು ಈಚಿನ ವರ್ಷಗಳಲ್ಲಿ ಹಲವು ಬಾರಿ ಬದಲಾಗಿವೆ. 2023ರ ಅಕ್ಟೋಬರ್‌ನಲ್ಲಿ ಭಾರತವೂ ಸೇರಿ ಏಳು ದೇಶಗಳ ಪ್ರವಾಸಿಗಳಿಗೆ ಶುಲ್ಕವಿಲ್ಲದ ವೀಸಾ ನೀಡಲು ಅಲ್ಲಿನ ಸಚಿವ ಸಂಪುಟ ಒಪ್ಪಿತ್ತು. ಆ ಬಳಿಕವೂ ವ್ಯವಸ್ಥೆ ಕೈಬದಲಾಯಿತು. ಆದುದರಿಂದ ಕಳೆದ ವರ್ಷ ಹೋಗಿಬಂದ ನೆಂಟರ ಮಾತನ್ನು ಪ್ರಮಾಣವೆಂದು ಹಿಡಿಯದೆ, ಹೊರಡುವ ಎರಡು ವಾರ ಮೊದಲು ಶ್ರೀಲಂಕಾ ವಲಸೆ ಇಲಾಖೆಯ ಜಾಲತಾಣವನ್ನೇ ತೆರೆದು ನೋಡಿ. ಹುಡುಕಿದಾಗ ಮೊದಲಿಗೆ ಕಾಣುವ ಪುಟಗಳಲ್ಲಿ ಹಲವು ಸರ್ಕಾರದ ಪುಟದಂತೆಯೇ ಅಲಂಕರಿಸಿಕೊಂಡ ಮಧ್ಯವರ್ತಿಗಳವು. ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು ಇದೆಯೇ ಎಂದು ಓದಿಕೊಂಡು ಹಣ ಕಟ್ಟಿ.

ಸಮುದ್ರ ದಾಟಿ ಹೋಗಬೇಕೆನ್ನುವವರಿಗೆ ತಮಿಳುನಾಡಿನ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಂಕೆಸಂತುರೈಗೆ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಹಡಗು ಸೇವೆಯಿದೆ. ಆದರೆ ಅದು ಹವೆಯನ್ನು ನೋಡಿಕೊಂಡು ನಿಲ್ಲುತ್ತ ನಡೆಯುತ್ತ ಇರುತ್ತದೆ. ರಜೆ ಎಣಿಸಿಕೊಂಡು ಹೊರಟವರು ಅದನ್ನು ನಂಬಬಾರದು.

ಹಂತ 3: ಊರುಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ

ದೇಶದ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರ್, ಕರ್ನಾಟಕದ ಮೂರನೇ ಒಂದು ಭಾಗ. ನಕ್ಷೆಯಲ್ಲಿ ಎಲ್ಲವೂ ಅಂಗೈ ಅಗಲದಲ್ಲಿ ಕಾಣುತ್ತದೆ. ಕೊಲಂಬೊದಿಂದ ಕ್ಯಾಂಡಿಗೆ 115 ಕಿಲೋಮೀಟರ್ ಎಂದು ಓದಿ ಎರಡು ಗಂಟೆಯ ದಾರಿಯೆಂದುಕೊಂಡವರಿಗೆ ಮೂರೂವರೆ ಗಂಟೆಯಾದರೂ ಊರು ಬಂದಿರುವುದಿಲ್ಲ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿಲೋಮೀಟರ್ ಕೂಡ ಇಲ್ಲ. ಆಗುಂಬೆಯಂಥ ತಿರುವುಗಳಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡರೆ ಅದಕ್ಕೂ ಮೂರು ಗಂಟೆ ಬೇಕು. ನನ್ನ ಮೊದಲ ಪ್ರವಾಸದಲ್ಲಿ ಆರು ದಿನಕ್ಕೆ ಏಳು ಊರು ಹಾಕಿಕೊಂಡಿದ್ದೆ. ಇವತ್ತಿಗೂ ಆ ವ್ಯಾನಿನ ಮುಂದಿನ ಸೀಟಿನ ಹರಿದ ಹೊದಿಕೆ ನೆನಪಿದೆ. ಪೊಲೊನ್ನರುವದ ಕಲ್ಲಿನ ಬುದ್ಧರ ಎದುರು ನಿಂತದ್ದು ಹತ್ತು ನಿಮಿಷವೋ ಹದಿನೈದು ನಿಮಿಷವೋ ನೆನಪಿಲ್ಲ.

ಒಂಬತ್ತು ಹತ್ತು ದಿನವಿದ್ದರೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಇಳಿದ ದಿನ ಕೊಲಂಬೊಗೆ ಹೋಗದೆ, ವಿಮಾನ ನಿಲ್ದಾಣದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ನೆಗೊಂಬೊದಲ್ಲಿ ರಾತ್ರಿ ಕಳೆಯಿರಿ. ಮರುದಿನ ಬೆಳಿಗ್ಗೆ ಹೊರಟು ದಂಬುಲ್ಲ ಮತ್ತು ಸಿಗಿರಿಯದ ಕಡೆ ಎರಡು ರಾತ್ರಿ, ಕ್ಯಾಂಡಿಯಲ್ಲಿ ಎರಡು, ರೈಲಿನಲ್ಲಿ ‘ಎಲ್ಲ’ ಎಂಬ ಗುಡ್ಡಗಾಡಿನ ಊರಿಗೆ ಹೋಗಿ ಅಲ್ಲಿ ಎರಡು, ಬಳಿಕ ಉದವಲವೆಯ ಆನೆಕಾಡನ್ನು ನೋಡುತ್ತ ಗಾಲೆ ಅಥವಾ ಮಿರಿಸ್ಸಕ್ಕೆ ಇಳಿದು ಎರಡು ರಾತ್ರಿ. ಗಾಲೆಯಿಂದ ಕೊಲಂಬೊ ಹೊರವಲಯಕ್ಕೆ ಎಕ್ಸ್‌ಪ್ರೆಸ್‌ವೇ ಇರುವುದರಿಂದ ಕೊನೆಯ ದಿನದ ಪಯಣ ಹಗುರ. ಅನುರಾಧಪುರ, ಜಾಫ್ನಾ, ತ್ರಿಂಕೋಮಲಿಗಳನ್ನು ಎರಡನೆಯ ಪ್ರವಾಸಕ್ಕೆ ಬಿಡಿ. ರಾಮಾಯಣದ ಸ್ಥಳಗಳನ್ನು ನೋಡಲೆಂದೇ ಹೋಗುವವರು ನುವರ ಎಲಿಯ ಬಳಿಯ ಸೀತಾ ಎಲಿಯದ ಸೀತಾ ಅಮ್ಮನ್ ಕೋವಿಲನ್ನು ಕ್ಯಾಂಡಿ ಮತ್ತು ಎಲ್ಲದ ನಡುವೆ ಒಂದು ರಾತ್ರಿ ಹೆಚ್ಚಿಸಿ ಸೇರಿಸಿಕೊಳ್ಳಬಹುದು. ಆ ಊರು 1,800 ಮೀಟರಿಗಿಂತ ಎತ್ತರದಲ್ಲಿದೆ. ದ್ವೀಪವೆಂದು ಬರೀ ಹತ್ತಿಯ ಅಂಗಿ ತುಂಬಿಕೊಂಡು ಹೋದವರು ರಾತ್ರಿ ನಡುಗುತ್ತಾರೆ. ಒಂದು ಸ್ವೆಟರ್ ಇರಲಿ.

ಹಂತ 4: ಹಣ, ಫೋನು, ಪ್ಲಗ್ಗು

ಅಲ್ಲಿನ ಹಣದ ಹೆಸರೂ ರೂಪಾಯಿ, ಆದರೆ ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕೂ ಹೆಚ್ಚು ಸಿಗುತ್ತದೆ. ಹೆಸರು ಒಂದೇ ಆಗಿರುವುದರಿಂದಲೇ ಮೊದಲ ಎರಡು ದಿನ ಲೆಕ್ಕ ತಪ್ಪುತ್ತದೆ; ಎಳನೀರಿನವನು ಹೇಳಿದ ಬೆಲೆ ಕೇಳಿ ಬೆಚ್ಚಿಬೀಳುವ ಮೊದಲು ಮೂರರಿಂದ ಭಾಗಿಸಿ ನೋಡಿ. ಭಾರತದ ನೋಟುಗಳು ಅಂಗಡಿಯಲ್ಲಿ ನಡೆಯುವುದಿಲ್ಲ. ಸ್ವಲ್ಪ ಡಾಲರು ಮತ್ತು ಒಂದು ಫಾರೆಕ್ಸ್ ಕಾರ್ಡು ಒಯ್ದು, ನಿಲ್ದಾಣದ ಬ್ಯಾಂಕ್ ಕೌಂಟರಿನಲ್ಲಿ ಮೊದಲ ಎರಡು ದಿನಕ್ಕೆ ಬೇಕಾದಷ್ಟು ಮಾತ್ರ ಬದಲಿಸಿ. ರಸೀದಿಯನ್ನು ಜೋಪಾನವಾಗಿಡಿ, ಮರಳುವಾಗ ಉಳಿದ ಹಣವನ್ನು ತಿರುಗಿಸಲು ಅದನ್ನು ಕೇಳುವುದುಂಟು. ಐದು ಸಾವಿರದ ನೋಟುಗಳನ್ನೇ ಕೊಟ್ಟರೆ ಒಂದೆರಡನ್ನಾದರೂ ಅಲ್ಲೇ ಚಿಲ್ಲರೆ ಮಾಡಿಸಿಕೊಳ್ಳಿ. ಬಸ್ಸಿನಲ್ಲಿ ಆ ನೋಟು ಹಿಡಿದು ನಿಂತವರ ಕಡೆ ಕಂಡಕ್ಟರು ನೋಡುವ ನೋಟ ನಮ್ಮೂರಿನದೇ.

2024ರ ಫೆಬ್ರವರಿ 12ರಿಂದ ಶ್ರೀಲಂಕಾದಲ್ಲಿ ಯುಪಿಐ ಪಾವತಿಗೆ ಚಾಲನೆ ದೊರೆತಿದೆ. ‘ಲಂಕಾ ಕ್ಯುಆರ್’ ಫಲಕವಿರುವ ಕಡೆ ಇದನ್ನು ಬಳಸಬಹುದು, ಆದರೆ ನಿಮ್ಮ ಆ್ಯಪ್‌ನಲ್ಲಿ ವಿದೇಶಿ ಪಾವತಿಯ ಆಯ್ಕೆಯನ್ನು ಭಾರತದಲ್ಲಿರುವಾಗಲೇ ತೆರೆದಿಡಬೇಕು. ಇದು ಇದೆಯೆಂದು ನಗದಿಲ್ಲದೆ ಹೊರಡಬೇಡಿ. ಹೋಟೆಲಿನ ಬೆಲೆಪಟ್ಟಿಯಲ್ಲಿ ಕಂಡ ದರದ ಮೇಲೆ ಶೇ. 10ರಷ್ಟು ಸೇವಾ ಶುಲ್ಕ ಮತ್ತು ತೆರಿಗೆ ಬೀಳುವುದು ಸಾಮಾನ್ಯ. 2024ರ ಜನವರಿಯಿಂದ ವ್ಯಾಟ್ ಶೇ. 18ಕ್ಕೆ ಏರಿದೆ. ಎರಡನ್ನೂ ಸೇರಿಸಿ ಎಷ್ಟಾಗುತ್ತದೆ ಎಂದು ಕುಳಿತುಕೊಳ್ಳುವ ಮೊದಲೇ ಕೇಳಿ.

ಡಯಲಾಗ್ ಮತ್ತು ಮೊಬಿಟೆಲ್ ಸಿಮ್‌ಗಳು ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿದರೆ ಸಿಗುತ್ತವೆ. ಹಳೆಯ ಮನೆಗಳಲ್ಲಿ ನಮ್ಮಂಥದೇ ದುಂಡು ಪಿನ್ನಿನ ಪ್ಲಗ್ಗಿದ್ದರೂ ಹೊಸ ಹೋಟೆಲುಗಳಲ್ಲಿ ಬ್ರಿಟಿಷ್ ಮಾದರಿಯ ಚೌಕ ಪಿನ್ನು ಇರುತ್ತದೆ, ಅಡಾಪ್ಟರ್ ಒಯ್ಯಿರಿ.

ಹಂತ 5: ಓಡಾಟ

ಆಟೋವನ್ನು ಅಲ್ಲಿ ತ್ರೀ ವೀಲರ್ ಎನ್ನುತ್ತಾರೆ. ಕೊಲಂಬೊ, ಕ್ಯಾಂಡಿಗಳಲ್ಲಿ ಪಿಕ್‌ಮೀ ಅಥವಾ ಊಬರ್ ಆ್ಯಪ್‌ನಲ್ಲಿ ಕರೆದರೆ ಚೌಕಾಸಿಯ ಗೋಜಿಲ್ಲ. ಸಣ್ಣ ಊರಿನಲ್ಲಿ ಹತ್ತುವ ಮೊದಲೇ ದರ ಮಾತಾಡಿ, ‘ಕೀಯದ’ ಎಂದರೆ ಎಷ್ಟು ಎಂದರ್ಥ. ದಾರಿಯಲ್ಲಿ ಚಾಲಕ ತಾನಾಗಿ ಸಾಂಬಾರ ತೋಟಕ್ಕೋ ರತ್ನದ ಅಂಗಡಿಗೋ ಕರೆದೊಯ್ಯಲು ಉತ್ಸಾಹ ತೋರಿದರೆ ಅದರಲ್ಲಿ ಅವನಿಗೆ ಕಮಿಷನ್ ಇದೆಯೆಂದು ತಿಳಿದು, ನಗುತ್ತಲೇ ಬೇಡವೆನ್ನಿ.

ಬಸ್ಸು ಅಗ್ಗ, ಎಲ್ಲ ಕಡೆಗೂ ಇದೆ, ವೇಗ ಮಾತ್ರ ಎದೆ ನಡುಗಿಸುವಂಥದು. ಕೆಂಪು ಬಸ್ಸುಗಳು ಸರ್ಕಾರದವು. ವಿಮಾನ ನಿಲ್ದಾಣದಿಂದ ಕೊಲಂಬೊಗೆ 187ನೇ ಸಂಖ್ಯೆ, ಕೊಲಂಬೊದಿಂದ ಕ್ಯಾಂಡಿಗೆ 1ನೇ ಸಂಖ್ಯೆ, ಗಾಲೆಯ ದಾರಿಗೆ 2. ಮುಂದಿನ ಒಂದೆರಡು ಸೀಟುಗಳನ್ನು ಭಿಕ್ಷುಗಳಿಗೆಂದು ಮೀಸಲಿಟ್ಟಿರುತ್ತಾರೆ. ಖಾಲಿಯಿದೆಯೆಂದು ಕುಳಿತಿದ್ದರೂ ಭಿಕ್ಷು ಹತ್ತಿದೊಡನೆ ಎದ್ದು ಬಿಡಬೇಕು. ಮಹಿಳೆಯರು ಅವರ ಪಕ್ಕ ಕೂರುವ ವಾಡಿಕೆಯಿಲ್ಲ. ಇಳಿಯುವಾಗ ‘ಬಹಿನವಾ’ ಎಂದು ಕೂಗಿದರೆ ಸಾಕು. ಅಂದಹಾಗೆ ಅಲ್ಲಿಯೂ ಅಕ್ಕನಿಗೆ ‘ಅಕ್ಕಾ’ ಎನ್ನುತ್ತಾರೆ, ತಂಗಿಗೆ ‘ನಂಗಿ’. ಅಂಗಡಿಯ ಹೆಂಗಸನ್ನು ಅಕ್ಕಾ ಎಂದು ಕರೆದು ನೋಡಿ, ಮುಖ ಅರಳುತ್ತದೆ.

ಕ್ಯಾಂಡಿಯಿಂದ ಎಲ್ಲಕ್ಕೆ ಹೋಗುವ ರೈಲು ಚಹಾ ತೋಟಗಳ ನಡುವೆ ಆರೇಳು ಗಂಟೆ ತೆವಳುತ್ತ, ದೇಶದ ಅತಿ ಎತ್ತರದ ನಿಲ್ದಾಣವಾದ ಸುಮಾರು 1,890 ಮೀಟರಿನ ಪಟ್ಟಿಪೊಲವನ್ನು ದಾಟಿ ಇಳಿಯುತ್ತದೆ. ಇದರ ಕಾದಿರಿಸಿದ ಸೀಟುಗಳು 30 ದಿನ ಮೊದಲು ಬಿಡುಗಡೆಯಾಗಿ ನಮ್ಮ ತತ್ಕಾಲ್ ಟಿಕೆಟಿನಂತೆ ನಿಮಿಷಗಳಲ್ಲಿ ಮುಗಿಯುತ್ತವೆ. ಸಿಗದಿದ್ದರೆ ಮಧ್ಯವರ್ತಿಗೆ ಹಲವು ಪಟ್ಟು ಹಣ ಕೊಡಬೇಡಿ. ಅದೇ ದಿನ ನಿಲ್ದಾಣದಲ್ಲಿ ಕಾದಿರಿಸದ ಎರಡನೆಯ ಅಥವಾ ಮೂರನೆಯ ದರ್ಜೆಯ ಟಿಕೆಟು ಸಿಗುತ್ತದೆ. ಜನ ಕಡಿಮೆಯಾಗುವ ‘ನಾನು ಓಯ’ ನಿಲ್ದಾಣದಿಂದ ಮುಂದೆ ಕಿಟಕಿಯೂ ಸಿಗಬಹುದು. ಕೊಲಂಬೊದಿಂದ ಬರುವ ಕೆಲವು ರೈಲುಗಳು ಕ್ಯಾಂಡಿಯೊಳಗೆ ಬಾರದೆ ಪೆರಾದೆನಿಯ ಜಂಕ್ಷನ್‌ನಿಂದಲೇ ಮೇಲೇರುತ್ತವೆ, ಟಿಕೆಟಿನ ಮೇಲಿನ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. 2025ರ ನವೆಂಬರ್ ಕೊನೆಯಲ್ಲಿ ಅಪ್ಪಳಿಸಿದ ದಿತ್ವಾ ಚಂಡಮಾರುತ ಗುಡ್ಡಗಾಡಿನ ಹಳಿಗಳಿಗೆ ಭಾರಿ ಹಾನಿ ಮಾಡಿತು. ಅದಿಲ್ಲದ ವರ್ಷಗಳಲ್ಲೂ ಜೋರು ಮಳೆಗೆ ಗುಡ್ಡ ಜರಿದು ಹಳಿ ಮುಚ್ಚುವುದು ಅಪರೂಪವಲ್ಲ. ಆದುದರಿಂದ ಯಾವ ಯಾವ ನಿಲ್ದಾಣಗಳ ನಡುವೆ ರೈಲು ಓಡುತ್ತಿದೆಯೆಂದು ಹಿಂದಿನ ದಿನವೇ ವಿಚಾರಿಸಿ. ಬಾಗಿಲಿನಲ್ಲಿ ಜೋತುಬಿದ್ದು ತೆಗೆಸಿಕೊಳ್ಳುವ ಆ ಪ್ರಸಿದ್ಧ ಫೋಟೋಕ್ಕಾಗಿ ಜೀವ ತೆತ್ತವರಿದ್ದಾರೆ. ಹಳಿಗೆ ಅಂಟಿಕೊಂಡಂತಿರುವ ಬಂಡೆ ಮತ್ತು ಸುರಂಗದ ಗೋಡೆ ತಿರುವಿನವರೆಗೂ ಕಾಣುವುದಿಲ್ಲ.

ಹಂತ 6: ಊಟ, ವಿಶೇಷವಾಗಿ ಸಸ್ಯಾಹಾರಿಗಳಿಗೆ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಮ್ಮವರು ಹೆಚ್ಚು ಮೋಸಹೋಗುವುದು ಊಟದ ಎಲೆಯಲ್ಲಿಯೇ. ಅನ್ನದ ಸುತ್ತ ನಾಲ್ಕೈದು ಪಲ್ಯ ಬಡಿಸುವ ‘ರೈಸ್ ಅಂಡ್ ಕರಿ’ ನೋಡಿದರೆ ಕರಾವಳಿಯ ಮನೆಯೂಟವೇ ಸರಿ. ಎಳೆ ಹಲಸಿನ ಗುಜ್ಜೆಯ ಪಲ್ಯಕ್ಕೆ ಅಲ್ಲಿ ‘ಪೊಲೊಸ್’ ಎಂದು ಹೆಸರು, ಬೇಳೆಗೆ ‘ಪರಿಪ್ಪು’. ‘ಗೊಟುಕೊಳ’ ಎಂದರೆ ನಮ್ಮ ಒಂದೆಲಗವೇ, ಹಸಿಯಾಗಿ ಹೆಚ್ಚಿ ತೆಂಗಿನತುರಿ ಹಾಕಿರುತ್ತಾರೆ. ‘ಇಂದಿಆಪ್ಪ’ ನಮ್ಮ ಒತ್ತು ಶ್ಯಾವಿಗೆ, ‘ಆಪ್ಪ’ ಬಾಣಲೆಯಾಕಾರದ ಗರಿಗರಿ ದೋಸೆ. ಎಮ್ಮೆ ಮೊಸರಿನ ಮೇಲೆ ಸುರಿಯುವ ‘ಕಿತುಲ್ ಪಾನಿ’ ಮಲೆನಾಡಿನವರಿಗೆ ಗೊತ್ತಿರುವ ಬೈನೆ ಮರದ ರಸವನ್ನು ಕಾಯಿಸಿ ಮಾಡಿದ ಪಾಕ.

ತೊಡಕಿರುವುದು ‘ಉಂಬಲಕಡ’ದಲ್ಲಿ. ಇದು ಬೇಯಿಸಿ, ಹೊಗೆಹಾಕಿ, ಮರದ ತುಂಡಿನಂತೆ ಒಣಗಿಸಿದ ಟ್ಯೂನ ಜಾತಿಯ ಮೀನು. ಕುಟ್ಟಿ ಪುಡಿಮಾಡಿ ನಾವು ಇಂಗು ಹಾಕುವಷ್ಟೇ ಸಹಜವಾಗಿ ಪಲ್ಯಕ್ಕೆ ಉದುರಿಸುತ್ತಾರೆ. ಕೆಂಪು ಮೆಣಸು ಮತ್ತು ತೆಂಗಿನತುರಿಯ ‘ಪೊಲ್ ಸಂಬೋಲ’ದಲ್ಲಿ ಅದು ಇದ್ದೇ ಇರುತ್ತದೆಂದುಕೊಳ್ಳಿ, ಸೊಪ್ಪಿನ ‘ಮ್ಯಾಲ್ಲುಂ’ನಲ್ಲಿ, ಕೆಲವೊಮ್ಮೆ ಬೇಳೆಯಲ್ಲಿಯೂ ಇರಬಹುದು. ‘ವೆಜಿಟೇರಿಯನ್’ ಎಂದು ಕೇಳಿ ಆಪ್ಪದ ಜೊತೆ ಮೂರು ಚಮಚ ಸಂಬೋಲ ತಿಂದ ಮೇಲೆ, ಬೆರಳಿಗಂಟಿದ ಕಂದು ಚೂರನ್ನು ಮೂಸಿ ನೋಡಿ ತಟ್ಟೆ ದೂರ ಸರಿಸಿದವನು ನಾನು. ಬಡಿಸಿದ ಅಜ್ಜಿ ಸುಳ್ಳು ಹೇಳಿರಲಿಲ್ಲ, ಅವರ ಲೆಕ್ಕದಲ್ಲಿ ಅದು ಮೀನೂಟವಲ್ಲ, ಒಗ್ಗರಣೆಯ ಸಾಮಾನು. ಆದುದರಿಂದ ‘ಮಟ ಮಸ್ ಮಾಳು ಎಪಾ, ಉಂಬಲಕಡ ಎಪಾ’ ಎಂಬ ಸಾಲನ್ನು ಬಾಯಿಪಾಠ ಮಾಡಿಕೊಳ್ಳಿ: ನನಗೆ ಮಾಂಸ, ಮೀನು ಬೇಡ, ಉಂಬಲಕಡವೂ ಬೇಡ. ತರಕಾರಿಗೆ ‘ಎಳವಳು’, ಮೊಟ್ಟೆಗೆ ‘ಬಿತ್ತರ’. ಇಷ್ಟೂ ಬೇಡವೆನ್ನುವವರು ತಮಿಳರಿರುವ ಬಡಾವಣೆಗಳಲ್ಲಿ ‘ಸೈವ’ ಎಂದು ಬರೆದ ಹೋಟೆಲು ಹುಡುಕಿದರೆ ಇಡ್ಲಿ, ದೋಸೆ ಮತ್ತು ಮನಶ್ಶಾಂತಿ ಮೂರೂ ಸಿಗುತ್ತವೆ.

ಕುಡಿಯಲು ಬಾಟಲಿ ನೀರು ಅಥವಾ ಕಾಯಿಸಿದ ನೀರು. ರಸ್ತೆ ಬದಿಯ ಕಿತ್ತಳೆ ಬಣ್ಣದ ಎಳನೀರು ‘ತಂಬಿಲಿ’ ಅದಕ್ಕಿಂತ ನಂಬಿಕಸ್ಥ. ಬೆಳಿಗ್ಗೆ ಬೀದಿಯಲ್ಲಿ ಬೀಥೋವನ್ನನ ‘ಫ್ಯೂರ್ ಎಲೀಸ್’ ಕೇಳಿಸಿದರೆ ಅಚ್ಚರಿಪಡಬೇಡಿ, ಬ್ರೆಡ್ಡು ಬನ್ನು ಮಾರುವ ಆಟೋ ಬಂದಿದೆ. ಅದರಲ್ಲಿನ ‘ಮಾಳು ಪಾನ್’ ಮಾತ್ರ ಮೀನಿನ ಬನ್ನು.

ಹಂತ 7: ವಿಹಾರ, ಕೋವಿಲು, ಕೋಟೆ

ದೇವಸ್ಥಾನಕ್ಕೆ ಹೋಗಿ ಅಭ್ಯಾಸವಿರುವ ನಮಗೆ ಚಪ್ಪಲಿ ಬಿಡುವುದನ್ನು ಹೇಳಿಕೊಡಬೇಕಿಲ್ಲ. ಟೋಪಿಯನ್ನೂ ತೆಗೆಯಬೇಕು, ಹೆಗಲು ಮತ್ತು ಮಂಡಿ ಮುಚ್ಚಿರಬೇಕು. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ಅಲ್ಲಿ ಅಗೌರವವೆಂದು ಪರಿಗಣಿಸುತ್ತಾರೆ, ಮತ್ತು ಇದು ಬರೀ ಶಿಷ್ಟಾಚಾರದ ಮಾತಲ್ಲ. 2012ರಲ್ಲಿ ವಿಗ್ರಹಕ್ಕೆ ಮುತ್ತಿಡುವಂತೆ ಫೋಟೋ ತೆಗೆಸಿಕೊಂಡ ಫ್ರೆಂಚ್ ಪ್ರವಾಸಿಗಳಿಗೆ ಗಾಲೆಯ ನ್ಯಾಯಾಲಯ ಅಮಾನತಿನ ಸೆರೆಶಿಕ್ಷೆ ವಿಧಿಸಿತು. 2014ರಲ್ಲಿ ತೋಳಿನ ಮೇಲೆ ಬುದ್ಧನ ಹಚ್ಚೆಯಿದ್ದ ಬ್ರಿಟಿಷ್ ಮಹಿಳೆಯನ್ನು ಬಂಧಿಸಿ ದೇಶದಿಂದ ಹೊರಗೆ ಕಳುಹಿಸಲಾಯಿತು. ಬುದ್ಧನ ಚಿತ್ರವಿರುವ ಟೀ ಶರ್ಟು ಮನೆಯಲ್ಲೇ ಇರಲಿ.

ಕ್ಯಾಂಡಿಯ ಬೌದ್ಧ ದೇಗುಲವಾದ ದಳದಾ ಮಾಳಿಗಾವದಲ್ಲಿ ಬುದ್ಧನ ದಂತಧಾತು, ಅಂದರೆ ಬುದ್ಧನದೆಂದು ಪೂಜಿಸುವ ಹಲ್ಲು, ನೇರವಾಗಿ ಕಾಣುವುದಿಲ್ಲ. ಪೂಜೆಯ ಹೊತ್ತಿನಲ್ಲಿ ಅದನ್ನಿರಿಸಿದ ಚಿನ್ನದ ಕರಂಡಕದ ದರ್ಶನ ಮಾತ್ರ. ಬೆಳಗಿನ ಅಥವಾ ಸಂಜೆಯ ಪೂಜೆಗೆ ಅರ್ಧ ಗಂಟೆ ಮೊದಲೇ ಹೋಗಿ, ತಮಟೆ ಕೊಂಬುಗಳ ಸದ್ದು ಕಟ್ಟಡದೊಳಗೆ ತುಂಬುವುದನ್ನು ಕೇಳಲಾದರೂ ಅಷ್ಟು ಹೊತ್ತು ನಿಲ್ಲಬೇಕು. ಪೊಲೊನ್ನರುವದಲ್ಲಿ ಮಧ್ಯಾಹ್ನದ ಕಲ್ಲು ಕೆಂಡದಂತಿರುತ್ತದೆ, ಬರಿಗಾಲಿಗೆ ಹಳೆಯ ಕಾಲುಚೀಲ ಒಯ್ಯಿರಿ. ಜಾಫ್ನಾದ ನಲ್ಲೂರು ಕಂದಸ್ವಾಮಿ ಕೋವಿಲಿನಲ್ಲಿ ಗಂಡಸರು ಅಂಗಿ ತೆಗೆಯಬೇಕು, ಉಡುಪಿ ಧರ್ಮಸ್ಥಳಗಳನ್ನು ಬಲ್ಲವರಿಗೆ ಇದು ಹೊಸದೇನಲ್ಲ.

ಐದನೆಯ ಶತಮಾನದಲ್ಲಿ ಕಾಶ್ಯಪ ರಾಜ ಕೋಟೆ ಕಟ್ಟಿದ ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ಬಾಗಿಲು ತೆರೆಯುವ ಹೊತ್ತಿಗೇ ಹತ್ತಲು ಆರಂಭಿಸಿ. ಚಿತ್ರಗಳಿರುವ ಗುಹೆಯಲ್ಲಿ ಫೋಟೋ ನಿಷಿದ್ಧ. ಬಂಡೆಯಲ್ಲಿ ಹೆಜ್ಜೇನು, ಕಡಜಗಳ ಗೂಡುಗಳಿರುವುದರಿಂದ ಮೌನ ಕಾಯಿರೆಂದು ಬರೆದಿರುವುದನ್ನು ಅಕ್ಷರಶಃ ಪಾಲಿಸಿ. ಇಂಥ ಸ್ಥಳಗಳ ಟಿಕೆಟು ವಿದೇಶಿಯರಿಗೆ ದುಬಾರಿ. ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಕಡಿಮೆ ದರವಿದೆ, ಆದರೆ ಕೌಂಟರಿನಲ್ಲಿ ಮೂಲ ಪಾಸ್‌ಪೋರ್ಟನ್ನೇ ತೋರಿಸಿ ನೀವಾಗಿ ಕೇಳಬೇಕು.

ತಮಿಳು ಬಲ್ಲ ಬೆಂಗಳೂರಿಗರಿಗೆ ಉತ್ತರ, ಪೂರ್ವ ಮತ್ತು ಚಹಾ ತೋಟಗಳ ಸೀಮೆಯಲ್ಲಿ ಆ ಭಾಷೆ ತುಂಬಾ ನೆರವಾಗುತ್ತದೆ. ಉಳಿದೆಡೆ ಇಂಗ್ಲಿಷಿನಲ್ಲಿ ಆರಂಭಿಸುವುದು ಒಳಿತು. 1983ರಿಂದ 2009ರವರೆಗೆ ನಡೆದ ಯುದ್ಧ ಎರಡೂ ಕಡೆಯ ಮನೆಗಳಲ್ಲಿ ಇನ್ನೂ ಹಸಿಗಾಯ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ನೀವಾಗಿ ಕೆದಕಬೇಡಿ.

ಹಂತ 8: ಸಮುದ್ರ, ಸೊಳ್ಳೆ, ಇಂಬಳ, ಆನೆ

ಅಲೆ ಒಡೆಯದೆ ನೀರು ನಯವಾಗಿ ಕಾಣುವ ಪಟ್ಟಿ ಈಜಲು ಸುರಕ್ಷಿತವೆಂದು ಅನ್ನಿಸುತ್ತದೆ. ಬಹಳ ಸಲ ಒಳಕ್ಕೆಳೆಯುವ ಸೆಳೆತ ಇರುವುದು ಅಲ್ಲಿಯೇ. ಸಿಕ್ಕಿಕೊಂಡರೆ ದಡದತ್ತ ನೇರ ಈಜಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಬಳಿಕ ತಿರುಗಬೇಕು. ಕೆಂಪು ಬಾವುಟವಿದ್ದರೆ ಮಂಡಿಯುದ್ದವೂ ಇಳಿಯಬೇಡಿ.

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶ್ರೀಲಂಕಾವನ್ನು ಮಲೇರಿಯಾ ಮುಕ್ತವೆಂದು ಘೋಷಿಸಿದೆ. ಡೆಂಗಿ ಮಾತ್ರ ಇದೆ. ಹಗಲಿನಲ್ಲೂ ಸೊಳ್ಳೆ ಮುಲಾಮು ಹಚ್ಚಿಕೊಳ್ಳಿ. ಸಿಂಹರಾಜದಂಥ ಮಳೆಕಾಡಿನಲ್ಲಿ ಇಂಬಳಗಳಿರುತ್ತವೆ, ಮಲೆನಾಡಿನವರು ಉಪ್ಪು ಮರೆಯಲಾರರು. ಹಬರಣ, ಉದವಲವೆ ಮತ್ತು ಕತರಗಮ ಸುತ್ತಲಿನ ರಸ್ತೆಗಳಿಗೆ ಸಂಜೆಯ ಮೇಲೆ ಕಾಡಾನೆಗಳು ಬರುತ್ತವೆ. ವಾಹನ ನಿಲ್ಲಿಸಿ ಬಾಳೆಹಣ್ಣು ಕೊಡುವವರನ್ನು ಕಾಣುತ್ತೀರಿ; ಹಾಗೆ ರುಚಿ ಹಿಡಿದ ಆನೆ ಮುಂದಿನ ವಾಹನದ ಕಿಟಕಿಗೆ ಸೊಂಡಿಲು ಹಾಕುತ್ತದೆ.

ಆಂಬುಲೆನ್ಸ್‌ಗೆ 1990 ಸಂಖ್ಯೆಗೆ ಕರೆ ಮಾಡಿ. ಭಾರತದ ನೆರವಿನಿಂದ 2016ರಲ್ಲಿ ಆರಂಭವಾದ ‘ಸುವ ಸೆರಿಯ’ ಎಂಬ ಈ ಸೇವೆ ಉಚಿತ. ಪೊಲೀಸರಿಗೆ 119, ಪ್ರವಾಸಿ ಸಹಾಯವಾಣಿಗೆ 1912.

ಹಂತ 9: ಕೊಳ್ಳುವುದು ಮತ್ತು ಮರಳುವುದು

ಚಹಾವನ್ನು ತೋಟದ ಮಾರಾಟ ಕೋಣೆಗಿಂತ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡರೆ ಬೆಲೆ ನಿಗದಿಯಾಗಿರುತ್ತದೆ. ಗುಡ್ಡದ ಎತ್ತರ ಹೆಚ್ಚಿದಷ್ಟೂ ಚಹಾ ತಿಳಿ ಮತ್ತು ಸುವಾಸಿತ. ಹಾಲು ಹಾಕಿ ಕುದಿಸುವ ನಮ್ಮ ಪದ್ಧತಿಗೆ ತಗ್ಗಿನ ತೋಟಗಳ ಗಾಢ ಚಹಾವೇ ಮೇಲು. ನೀಲಮಣಿಯನ್ನು ಗೊತ್ತಿಲ್ಲದ ಅಂಗಡಿಯಲ್ಲಿ ಕೊಳ್ಳಬೇಡಿ. ಕೊಳ್ಳಲೇಬೇಕೆಂದಿದ್ದರೆ ಹಣ ಕೊಡುವ ಮೊದಲು ಕೊಲಂಬೊದಲ್ಲಿರುವ ಸರ್ಕಾರದ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರದಲ್ಲಿ ಪರೀಕ್ಷಿಸಲು ವ್ಯಾಪಾರಿ ಒಪ್ಪುತ್ತಾನೆಯೇ ನೋಡಿ. ಒಪ್ಪದಿದ್ದರೆ ಉತ್ತರ ಸಿಕ್ಕಂತೆಯೇ. ಹವಳದ ತುಂಡು ಮತ್ತು ಹಳೆಯ ಶಿಲ್ಪಗಳನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ.

ದಕ್ಷಿಣ ಕರಾವಳಿಯಿಂದ ನೇರವಾಗಿ ವಿಮಾನ ಹಿಡಿಯುವವರು ಕೊಲಂಬೊದ ಸಂಜೆ ದಟ್ಟಣೆಗೆಂದು ಎರಡು ಗಂಟೆ ಹೆಚ್ಚು ಇಟ್ಟುಕೊಳ್ಳಬೇಕು. ಹಣ ಬದಲಿಸುವ ಕೌಂಟರಿಗೆ ಹೋಗುವಾಗ ಮೊದಲ ದಿನದ ರಸೀದಿ ಹಿಡಿದಿರಿ, ಮತ್ತು ಕೊನೆಯ ಆಟೋದವನಿಗೆಂದು ಚಿಲ್ಲರೆ ಉಳಿಸಿಕೊಂಡಿರಿ. ಅದನ್ನು ಕೈಗಿಡುವಾಗ ‘ಸ್ತೂತಿ’ ಎಂದರೆ, ಧನ್ಯವಾದವೆಂದು ಅವನಿಗೆ ಅರ್ಥವಾಗುತ್ತದೆ.